ಮೆಟ್ಟಿಲ ಮೇಲೆ ನಿಂತವಳು

ಫಾಲ್ ಅರ್ಧ ಸೀರೆಯವರೆಗೆ ಬಂದಿತ್ತು. ಪ್ರಮಿಳಾ ಸೂಜಿಯನ್ನು ಒಳಗಿನಿಂದ ಚುಚ್ಚಿ, ಸೀರೆಯ ಒಂದೆರಡು ಎಳೆಯನ್ನಷ್ಟೇ ಹಿಡಿದು, ಮತ್ತೆ ಒಳಗೆಳೆಯುತ್ತಿದ್ದಳು. ಹೊಲಿಗೆ ಮೇಲೆ ಕಾಣಬಾರದು. ಕಂಡರೆ ಅಂಗಡಿಯವನು ಸೀರೆ ವಾಪಸು ಕಳಿಸುತ್ತಾನೆ. ಆದರೆ ಅವಳ ಕಣ್ಣು ಸೀರೆಯ ಮೇಲಿರಲಿಲ್ಲ. ಎದುರಿನ ಟಿವಿಯಲ್ಲಿ ಒಬ್ಬ ಹೆಂಗಸು ಮೆಟ್ಟಿಲಿಳಿಯುತ್ತಿದ್ದಳು. ಮೊದಲು ಚಪ್ಪಲಿ, ಆಮೇಲೆ ನೆರಿಗೆ, ಆಮೇಲೆ ಕಟಕಟೆಯ ಮೇಲೆ ಜಾರುವ ಬಳೆಯ ಕೈ. ಮುಖ ಇನ್ನೂ ಬಂದಿರಲಿಲ್ಲ.

"ಬಂದಳು ನೋಡು ಮೆಟ್ಟಲವ್ವ," ಎಂದಳು ಮಂಚದ ಮೇಲೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದ ಅತ್ತೆ ಸಾವಂತ್ರವ್ವ. "ಇವತ್ತ ಯಾರದರ ಸಂಸಾರ ಮುರದ ಹೋಗ್ತಾಳ."

"ಇವತ್ತಲ್ರಿ ಅತ್ತಿ, ನಾಳೆ. ಇವತ್ತ ಬರೇ ಕನ್ನಡ್ಯಾಗ ನೋಡ್ಕೋತಾಳ."

ಹಾಗೆಯೇ ಆಯಿತು. ಹೆಂಗಸು ಕನ್ನಡಿಯ ಮುಂದೆ ನಿಂತಳು, ಕನ್ನಡಿಯೊಳಗಿನ ಮುಖ ನಕ್ಕಿತು, ಧಾರಾವಾಹಿ ಮುಗಿಯಿತು.

ಟಿವಿಗೆ ದನಿ ಇರಲಿಲ್ಲ. ಮಹಾಂತೇಶ ನಗರಕ್ಕೆ ಬರುವ ಮೊದಲು ಇವರಿದ್ದದ್ದು ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿ. ಪ್ರಮಿಳಾಳ ಗಂಡ ಬಂಡೆಪ್ಪನಿಗೆ ಉದ್ಯಮಬಾಗದ ಫೌಂಡ್ರಿಯಲ್ಲಿ ರಾತ್ರಿ ಪಾಳಿ. ಹಗಲು ಅವನು ಒಳಗೆ ಮಲಗಿದ್ದಾಗ ಅತ್ತೆ ಸೊಸೆ ಇಬ್ಬರೂ ಟಿವಿಯ ದನಿ ಪೂರ್ತಿ ಇಳಿಸಿ ಮಧ್ಯಾಹ್ನದ ಧಾರಾವಾಹಿ ನೋಡುತ್ತಿದ್ದರು. ಮಾತು ಕೇಳಿಸುತ್ತಿರಲಿಲ್ಲವಾದ್ದರಿಂದ ಪಾತ್ರಗಳ ಹೆಸರೂ ಗೊತ್ತಾಗುತ್ತಿರಲಿಲ್ಲ. ತಾವೇ ಹೆಸರಿಟ್ಟರು: ಮೆಟ್ಟಲವ್ವ, ತುಳಸಿಕಟ್ಟಿಯಾಕಿ, ಸೋಫಾದ ಮಾವ. ಈಗ ಬಂಡೆಪ್ಪನಿಗೆ ಹಗಲು ಪಾಳಿ, ಮನೆಯೂ ಸ್ವಂತದ್ದು. ಆದರೂ ದನಿ ಹೆಚ್ಚಿಸಿದರೆ ಇಬ್ಬರಿಗೂ ಕಿರಿಕಿರಿ. ಅಷ್ಟೊಂದು ಮಾತು ಯಾಕೆ ಬೇಕು ಅನ್ನಿಸುತ್ತಿತ್ತು.

ಮಾತಿಲ್ಲದೆ ನೋಡಿ ನೋಡಿ ಅವರಿಗೆ ಕ್ಯಾಮೆರಾದ ನಡೆ ಅರ್ಥವಾಗಿಬಿಟ್ಟಿತ್ತು. ಒಬ್ಬಾಕೆಯನ್ನು ಕೆಳಗಿನಿಂದ ಮೇಲಕ್ಕೆ ತೋರಿಸಿದರೆ ಅವಳು ಕೆಟ್ಟವಳು. ಮೇಲಿನಿಂದ ತೋರಿಸಿದರೆ ಅವಳಿಗೆ ಕಷ್ಟ ಕಾದಿದೆ. ಒಳ್ಳೆಯವಳ ಕೈ ಯಾವಾಗಲೂ ಏನಾದರೂ ಮಾಡುತ್ತಿರುತ್ತದೆ: ದೀಪ ಹಚ್ಚುತ್ತದೆ, ಅಕ್ಕಿ ಆರಿಸುತ್ತದೆ. ಕೆಟ್ಟವಳ ಕೈಗೆ ಕೆಲಸವಿಲ್ಲ. ಅವಳು ಅಡಿಗೆಮನೆಗೆ ಹೋಗುವುದು ಯಾವುದಾದರೂ ಡಬ್ಬಿಯಲ್ಲಿ ಏನಾದರೂ ಕಲಸುವುದಿದ್ದಾಗ ಮಾತ್ರ. ಅವಳ ಸೀರೆ ದಿನವೂ ಹೊಸದು. ಇಬ್ಬರು ಮಾತಾಡುವಾಗ ಒಬ್ಬಳು ಇನ್ನೊಬ್ಬಳಿಗೆ ಬೆನ್ನು ತಿರುಗಿಸಿ ನಮ್ಮ ಕಡೆ ಮುಖ ಮಾಡಿದರೆ ಆ ಮಾತು ಸುಳ್ಳು. ಕ್ಯಾಮೆರಾ ಸುತ್ತತೊಡಗಿದರೆ ಯಾರ ಕೆನ್ನೆಗೋ ಏಟು.

"ನಮ್ಮ ಮನ್ಯಾಗ ಮೆಟ್ಟಲಾ ಇಲ್ಲ," ಎಂದು ಸಾವಂತ್ರವ್ವ ಆಗಾಗ ಕೊರಗುತ್ತಿದ್ದಳು. "ಅತ್ತಿ ಆದಾಕಿ ನಾ ಎಲ್ಲಿ ನಿಂದ್ರಲಿ?"

"ಗೇಟಿನಾಗ ನಿಂದ್ರರಿ. ತರಕಾರಿಯವ ಅಂಜತಾನ," ಎನ್ನುತ್ತಿದ್ದಳು ಪ್ರಮಿಳಾ.

ಆ ಮಧ್ಯಾಹ್ನ ಮಗಳು ಮನಿಷಾ ಕೆಲಸದಿಂದ ಬೇಗ ಬಂದಳು. ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಅವಳ ಕೆಲಸ. ಚಪ್ಪಲಿ ಬಿಡುವ ಮೊದಲೇ ಫೋನು ಚಾಚಿದಳು. "ಅವ್ವಾ, ಬಾಳೇಶ ಮನಿ ವಿಡಿಯೋ ಕಳಿಸ್ಯಾರ. ನೀವು ಮನಿ ನೋಡಾಕ ಬರೂಕಿಂತ ಮೊದಲ ಒಮ್ಮೆ ನೋಡ್ರಿ ಅಂತ."

ಬಾಳೇಶ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿರುವ ಹುಡುಗ. ಊರು ಖಾನಾಪುರ ತಾಲೂಕಿನ ಗುಂಜಿ. ಹಿಂದಿನ ತಿಂಗಳು ಅಪ್ಪ ಗುರುಸಿದ್ದನ ಜೊತೆ ಬಂದು ಮನಿಷಾಳನ್ನು ನೋಡಿ ಹೋಗಿದ್ದ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಚಹಾ ಕುಡಿದ ಕಪ್ಪನ್ನು ತಾನೇ ಎತ್ತಿ ಟ್ರೇಯಲ್ಲಿಟ್ಟಿದ್ದ. ಅದನ್ನು ನೋಡಿಯೇ ಬಂಡೆಪ್ಪ ಅರ್ಧ ಒಪ್ಪಿದ್ದ. ಪ್ರಮಿಳಾಳಿಗೆ ಕೊರೆದದ್ದು ಒಂದೇ. ಹುಡುಗನ ತಾಯಿ ಮಾಯವ್ವ ಬಂದಿರಲಿಲ್ಲ. "ಅವ್ವಗ ಊರಾಗ ಕೆಲಸಿತ್ರಿ," ಎಂದಿದ್ದ ಬಾಳೇಶ. ಸೊಸೆಯಾಗುವವಳನ್ನು ನೋಡಲಿಕ್ಕೆ ಬರಲಾಗದಷ್ಟು ಏನು ಕೆಲಸ?

ವಿಡಿಯೋದಲ್ಲಿ ಮಾತಿರಲಿಲ್ಲ. ಯಾವುದೋ ಕೊಳಲಿನ ದನಿ ಹಾಕಿದ್ದರು. ಪ್ರಮಿಳಾ ಅದನ್ನೂ ಇಳಿಸಿದಳು. ಗೇಟು, ಗುಲಾಬಿ ಕುಂಡ, ಹೊಸ ಬಣ್ಣದ ಮನೆ. ಹಾಲಿನಲ್ಲಿ ಗಾಜಿನ ಟೀಪಾಯಿ. ಕ್ಯಾಮೆರಾ ಎಡಕ್ಕೆ ಹೊರಳಿತು. ಅಲ್ಲಿ ಮೆಟ್ಟಿಲು.

ಮೆಟ್ಟಿಲ ಮೇಲೆ ಮಾಯವ್ವ ನಿಂತಿದ್ದಳು.

ಒಂದು ಕೈ ಕಟಕಟೆಯ ಮೇಲೆ. ಕೆಳಗಿನಿಂದ ತೋರಿಸಿದ್ದರಿಂದ ಗದ್ದ ಎತ್ತರ, ಕಣ್ಣು ಕೆಳಕ್ಕೆ. ನಗು ಇಲ್ಲ. ಅವಳು ಇಳಿದು ಬರಲೂ ಇಲ್ಲ, ಕೈಯೆತ್ತಿ ಕರೆಯಲೂ ಇಲ್ಲ. ಮೈಮೇಲೆ ಜರಿಯ ಹೊಸ ಸೀರೆ. ಪ್ರಮಿಳಾ ವಿಡಿಯೋ ನಿಲ್ಲಿಸಿ ಎರಡು ಬೆರಳಿಂದ ಹಿಗ್ಗಿಸಿದಳು. ಸೀರೆಯ ಅಂಚು ಕಾಲ ಬಳಿ ಮುದುಡಿ ಒಳಗೆ ಮಡಚಿಕೊಂಡಿತ್ತು. ಫಾಲ್ ಹಚ್ಚಿಲ್ಲ. ಫಾಲ್ ಹಚ್ಚುವಷ್ಟು ಪುರುಸೊತ್ತೂ ಇಲ್ಲದೆ ಹೊಸ ಹೊಸ ಸೀರೆ ಉಡುವಾಕೆ.

ಮುಂದೆ ಅಡಿಗೆಮನೆ. ಕೆಂಪು ಬಾಗಿಲಿನ ಕಪಾಟುಗಳು, ಹೊಳೆಯುವ ಗ್ಯಾಸು. ಗೋಡೆಗೆ ಒಂದು ಹನಿ ಎಣ್ಣೆ ಸಿಡಿದಿಲ್ಲ. ಮಾಯವ್ವ ಅಲ್ಲಿ ಬರಲೇ ಇಲ್ಲ.

"ಅತ್ತಿ, ಸ್ವಲ್ಪ ನೋಡ್ರಿ."

ಸಾವಂತ್ರವ್ವ ಬಳ್ಳೊಳ್ಳಿಯ ಕೈ ಒರೆಸಿಕೊಂಡು, ಫೋನನ್ನು ಮುಖದಿಂದ ದೂರ ಹಿಡಿದು ನೋಡಿದಳು. "ಅಯ್ಯ, ಇಕಿ ಖರೇನ ಮೆಟ್ಟಲವ್ವ ಅದಾಳಲ್ಲ!"

"ಆಯೀ, ಚಾಷ್ಟಿ ಸಾಕು," ಎಂದಳು ಮನಿಷಾ. ಅಜ್ಜಿಯನ್ನು ಅವಳು ಆಯಿ ಎಂದೇ ಕರೆಯುವುದು.

"ಚಾಷ್ಟಿ ಅಲ್ಲ ಮನಿಷಾ," ಎಂದಳು ಪ್ರಮಿಳಾ. "ಮನಿಗೆ ಬರಾವ್ರಿಗೆ ಮನಿ ತೋರಸಾಕತ್ತಾರ. ಒಂದ ಸಲನರ ನಕ್ಕಾಳನ? ಕೈ ನೋಡು, ಏನರ ಹಿಡದೈತನ? ನಿನ್ನ ನೋಡಾಕೂ ಬರಲಿಲ್ಲ."

"ಅವ್ವಾ, ನಾ ಬಾಳೇಶನ ಲಗ್ನಾ ಮಾಡ್ಕೊಳ್ಳಾಕ ಹೊಂಟೇನಿ. ನೀ ಯಾಕ ಅವರ ಅವ್ವನ್ನ ಹಿಡಕೊಂಡ ಕುಂತಿ?"

ಸಂಜೆ ಬಂಡೆಪ್ಪನಿಗೆ ಹೇಳಿದಾಗ ಅವನು ಸಾಬೂನಿನ ಮುಖ ಎತ್ತಿ ನಕ್ಕ. "ಮೂರ ಹೊತ್ತೂ ಸೀರಿಯಲ್ ನೋಡಿ ನಿನ್ನ ತಲ್ಯಾಗ ಕ್ಯಾಮೆರಾ ಕುಂತೈತಿ. ಹುಡುಗ ಚೊಲೋ ಅದಾನ. ಮತ್ತೇನ ಬೇಕು?"

ಪ್ರಮಿಳಾ ದಿನವೂ ಆ ವಿಡಿಯೋ ನೋಡಿದಳು. ಗುಂಜಿಯ ಆ ಮನೆಯಲ್ಲಿ ಮನಿಷಾ ಹಾಲಿನ ನೆಲ ಒರೆಸುವುದು, ಮೇಲಿನಿಂದ ಒಂದು ಜೋಡಿ ಕಣ್ಣು ಅವಳ ಬೆನ್ನನ್ನೇ ನೋಡುವುದು, ಎಲ್ಲ ಕಾಣುತ್ತಿತ್ತು. ಬೇರೆ ಬೇರೆ ಕಡೆಯಿಂದ ಕಾಣುತ್ತಿತ್ತು.

ಈ ನಡುವೆ ಸಂಜೆಯಾದರೆ ಮನಿಷಾಳಿಗೆ ಬಾಳೇಶನ ವಿಡಿಯೋ ಕರೆ ಬರುತ್ತಿತ್ತು. ಮೊದಮೊದಲು ಅಡಿಗೆಮನೆಯಲ್ಲೇ ರೊಟ್ಟಿ ಬುಟ್ಟಿಯ ಪಕ್ಕ ನಿಂತು ಮಾತಾಡುತ್ತಿದ್ದಳು. ಆಮೇಲೆ ಹಾಲಿಗೆ ಬಂದಳು. ಒಂದು ದಿನ ಖಡೇಬಜಾರಿನಿಂದ ತಿಳಿಬಣ್ಣದ ಪರದೆ ತಂದು, ದೇವರ ಫೋಟೋಗಳಿದ್ದ ಗೋಡೆಗೆ ಇಳಿಬಿಟ್ಟಳು. ಅದರ ಮುಂದೆ ಕುರ್ಚಿ. "ಆಯೀ, ಸ್ವಲ್ಪ ಆ ಬಾಜು ಸರಿ," ಎನ್ನುವುದು ಕೇಳಿಸುತ್ತಿತ್ತು. ಹುಡುಗಿಗೆ ನಾಚಿಕೆ ಇರಬೇಕು ಎಂದುಕೊಂಡು ಪ್ರಮಿಳಾ ನಕ್ಕಿದ್ದಳು. ಅವಳ ಸಂಶಯವೆಲ್ಲ ಮೆಟ್ಟಿಲ ಮೇಲಿತ್ತು.

ಮನೆ ನೋಡಲು ಹೋಗುವ ಹಿಂದಿನ ದಿನ ಸಾವಂತ್ರವ್ವ ತನ್ನ ಟ್ರಂಕು ತೆಗೆದು ಕಡುನೀಲಿಯ ಕುಪ್ಪಸದ ಖಣವೊಂದನ್ನು ಹೊರತೆಗೆದಳು. ಕೆಂಪು ಅಂಚು, ಮಡಿಕೆಯಲ್ಲಿ ಬೇವಿನೆಲೆಯ ಪುಡಿ.

ಅವರಲ್ಲಿ ನಡೆದುಬಂದ ಪದ್ಧತಿ ಹೀಗಿತ್ತು. ಹುಡುಗಿಯ ತಂದೆತಾಯಿ ಹುಡುಗನ ಮನೆ ನೋಡಲು ಹೋಗುತ್ತಾರೆ, ಹುಡುಗಿ ಹೋಗುವಂತಿಲ್ಲ. ಗಂಡಸರು ಹಾಲಿನಲ್ಲಿ ಏನೇ ಮಾತಾಡಿಕೊಳ್ಳಲಿ, ಮಾತು ಗಟ್ಟಿಯಾಗುವುದು ಒಳಗೆ. ಹುಡುಗಿಯ ತಾಯಿಗೆ ಮನೆ ಮನಸ್ಸಿಗೆ ಬಂದರೆ ದೇವರ ಮುಂದೆ ಹುಡುಗನ ತಾಯಿಯನ್ನು ಕೂರಿಸಿ ಖಣ, ತೆಂಗಿನಕಾಯಿ, ಅಕ್ಕಿ ಹಾಕಿ ಉಡಿ ತುಂಬುತ್ತಾಳೆ. ಅಲ್ಲಿಂದಾಚೆ ಹಿಂದೆ ಸರಿಯುವಂತಿಲ್ಲ. ಮನಸ್ಸಿಗೆ ಬರದಿದ್ದರೆ ಖಣ ಚೀಲದಲ್ಲೇ ಉಳಿಯುತ್ತದೆ. ಯಾರೂ ಕೇಳುವುದಿಲ್ಲ. ಕೆಲವು ದಿನ ಬಿಟ್ಟು ಜಾತಕ ಕೂಡಲಿಲ್ಲವೆಂದು ಸುದ್ದಿ ಹೋಗುತ್ತದೆ.

"ಇದು ನಿಮ್ಮವ್ವ ನನಗ ತುಂಬಿದ ಉಡಿದು," ಎಂದಳು ಸಾವಂತ್ರವ್ವ. "ಇದನ್ನ ಒಯ್ಯಿ."

"ಇನ್ನೂ ಹೊಲಿಸಿಲ್ಲಾ? ಇಷ್ಟ ವರ್ಷ ಆತಲ್ರಿ."

"ನೀ ಎಂಥಾಕಿ ಅಂತ ನೋಡಿ ಹೊಲಿಸೂಣು ಅಂತ ಇಟ್ಟಿದ್ದೆ." ಮುದುಕಿ ಖಣವನ್ನು ಪ್ರಮಿಳಾಳ ಚೀಲದೊಳಗೆ ತಾನೇ ಇಟ್ಟಳು. "ಇನ್ನೂ ನೋಡಾಕತ್ತೇನಿ."

ಭಾನುವಾರ ಗಂಡ ಹೆಂಡತಿ ಬಸ್ಸಿನಲ್ಲಿ ಖಾನಾಪುರಕ್ಕೆ ಬಂದಿಳಿದಾಗ ಬಾಳೇಶ ಕಾರು ತಂದು ನಿಂತಿದ್ದ. ಪ್ರಮಿಳಾಳ ಕೈಯ ಚೀಲ ಇಸಿದುಕೊಳ್ಳಲು ಬಂದ, ಅವಳು ಕೊಡಲಿಲ್ಲ. ದಾರಿಯುದ್ದಕ್ಕೂ ಬಂಡೆಪ್ಪನಿಗೂ ಅವನಿಗೂ ರಸ್ತೆ ಅಗಲ ಮಾಡಿದ್ದು, ವಿಮಾನಗಳು ಹೆಚ್ಚಾಗಿದ್ದು, ಇದೇ ಮಾತು. ಗುಂಜಿ ಮುಟ್ಟುವಷ್ಟರಲ್ಲಿ ರಸ್ತೆಯ ಎರಡೂ ಕಡೆ ಅಡವಿ ಹತ್ತಿರ ಬಂತು. ಮನೆಗೆ ಇನ್ನೂ ಸ್ವಲ್ಪ ದೂರವಿರುವಾಗ ಅವನು ಕಾರು ನಿಲ್ಲಿಸಿದ.

"ಇಲ್ಲೇ ಇಳೀರಿ. ಇಲ್ಲಿಂದ ಮನಿ ಪೂರ್ತಿ ಕಾಣ್ತದ."

ಕಾಣುತ್ತಿತ್ತು. ಅವರು ನಡೆದು ಹೋಗುವಾಗ ಅವನು ಹಿಂದಿನಿಂದ ಫೋನಿನಲ್ಲಿ ಹಿಡಿದ. ಬಂಡೆಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡ.

ಹಾಲಿನೊಳಗೆ ಕಾಲಿಟ್ಟ ಕೂಡಲೇ ಪ್ರಮಿಳಾ ಎಡಕ್ಕೆ ನೋಡಿದಳು. ಮಾಯವ್ವ ಮೆಟ್ಟಿಲ ಮೇಲೇ ಇದ್ದಳು. ಅದೇ ಮೆಟ್ಟಿಲು, ಕಟಕಟೆಯ ಮೇಲೆ ಅದೇ ಕೈ. ಪ್ರಮಿಳಾಳ ಎದೆ ಗಟ್ಟಿಯಾಯಿತು. ಬಾ, ಇಳಿದು ಬಾ, ನೋಡೋಣ ಎಂದುಕೊಂಡಳು.

ಮಾಯವ್ವ ಇಳಿದಳು. ಎಡಗಾಲು ಮೊದಲು, ಆಮೇಲೆ ಮಡಚಲು ಬಾರದ ಬಲಗಾಲನ್ನು ಕಟ್ಟಿಗೆಯಂತೆ ಎತ್ತಿ ಅದರ ಪಕ್ಕಕ್ಕೆ. ಎರಡು ಮೆಟ್ಟಿಲಿಗೆ ಅವಳಿಗೆ ದಮ್ಮು ಹತ್ತಿತು. ಕೆಳಗೆ ಬಂದವಳೇ ಮುಂದಿನ ಎರಡು ಹಲ್ಲಿಲ್ಲದ ಬಾಯಿ ತುಂಬ ನಕ್ಕು ಮರಾಠಿ ಬೆರೆಸಿ ಮಾತಾಡಿಸಿದಳು.

"ಯಾ, ಯಾ! ಬರ್ರಿ ಅಕ್ಕಾ, ಉನ್ಹಾಳ ಏನ ಬಿಸಲದು, ಬಸಾ, ಕುಂದರ್ರಿ—"

"ಅವ್ವಾ," ಎಂದ ಬಾಳೇಶ. ದನಿ ಏರಿಸಲಿಲ್ಲ. "ನಾ ಏನ ಹೇಳಿದ್ದೆ?"

ಮಾಯವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಾಳೇಶನ ಅಪ್ಪ ಗುರುಸಿದ್ದ ಕಿಟಕಿಯ ಹೊರಗೆ ನೋಡಿದ.

ಸ್ವಲ್ಪ ಹೊತ್ತಿಗೆ ಹೆಂಗಸರಿಬ್ಬರೂ ಒಳಗೆ ಹೋದರು. ಕೆಂಪು ಕಪಾಟಿನ ಅಡಿಗೆಮನೆ ವಿಡಿಯೋದಲ್ಲಿದ್ದಂತೆಯೇ ಹೊಳೆಯುತ್ತಿತ್ತು. ಮಾಯವ್ವ ಅಲ್ಲಿ ನಿಲ್ಲಲಿಲ್ಲ. ಕಾಲೆಳೆಯುತ್ತ ಹಿತ್ತಲ ಬಾಗಿಲು ದಾಟಿ ತಗಡಿನ ಚಪ್ಪರಕ್ಕೆ ಕರೆದೊಯ್ದಳು. ಅಲ್ಲಿ ಒಲೆ, ಹೊಗೆ ಹಿಡಿದ ಗೋಡೆ, ಮಸಾಲೆ ಡಬ್ಬಿ, ಒಣಹಾಕಿದ ಕೋಕಂ ಸಿಪ್ಪೆ. ಒಂದು ಗೋಣಿತಟ್ಟಿನ ಮೇಲೆ ಬೆಕ್ಕು ಮಲಗಿತ್ತು.

"ಅಡಿಗಿ ಇಲ್ಲೇ ಮಾಡ್ತೇನ್ರಿ. ಒಳಗ ಫೋಡ್ಣಿ ಹಾಕಿದ್ರ ಕಪಾಟಿಗೆ ಎಣ್ಣಿ ಹಾರತದಂತ. ಬಾಳೇಶಗ ಎಲ್ಲಾ ನೀಟ ಬೇಕು."

"ಕಾಲಿಗೇನಾಗೇತ್ರಿ?" ಎಂದು ಕೇಳಿದಳು ಪ್ರಮಿಳಾ.

"ಹೊಲದಾಗ ಬಿದ್ದೆ, ಭಾಳ ವರ್ಷ ಆತು. ಅದಕ ನೋಡ್ರಿ, ವಿಡಿಯೋದಾಗ ನನ್ನ ಮೆಟ್ಟಲ ಮ್ಯಾಲ ನಿಂದ್ರಸಿದ. ನಡದರ ಕುಂಟೂದು ಕಾಣತದ, ಹಾಲದಾಗ ನಿಂದ್ರು ಅಂದರ ಸೊಟ್ಟ ನಿಂದರ್ತೇನಿ. ಕಟಕಟಿ ಹಿಡಕೊಂಡರ ನೀಟ ಕಾಣತದಂತ. ನಗಬ್ಯಾಡ, ಹಲ್ಲಿಲ್ಲ ಅಂದ." ಅವಳು ನಕ್ಕಳು. ಮಗನ ಜಾಣತನ ಹೇಳಿಕೊಳ್ಳುವವಳ ನಗು. "ಖರೇ ಹೇಳ್ತೇನ್ರಿ, ನನಗ ನನ್ನ ಗುರತ ಸಿಗಲಿಲ್ಲ. ಆ ಸೀರಿನೂ ನಂದಲ್ಲ. ಖಾನಾಪುರದ ಅಂಗಡಿಯಿಂದ ತಂದಿದ್ದ. ವಿಡಿಯೋ ಮಾಡಿ ಹೊಳ್ಳಿ ಕೊಟ್ಟ ಬಂದ."

"ಅದಕ ಫಾಲ್ ಇರಲಿಲ್ಲ," ಎಂದಳು ಪ್ರಮಿಳಾ, ತನಗೇ ಎಂಬಂತೆ.

"ಹಾಂ?"

"ಏನಿಲ್ರಿ."

ಅವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಇಷ್ಟು ದಿನ ಈ ಹೆಂಗಸಿನ ಮೇಲೆ ಏನೆಲ್ಲ ಹೊರಿಸಿದ್ದಳು! ಅವಳಿಗೆ ಮಾಯವ್ವನ ಒರಟು ಕೈ ಹಿಡಿದುಕೊಳ್ಳಬೇಕೆನ್ನಿಸಿತು. "ಮನಿಷಾನ ನೋಡಾಕ ನೀವ ಯಾಕ ಬರಲಿಲ್ರಿ?" ಎಂದಳು.

"ನನಗ ಆಸೆ ಇತ್ರಿ. ನನ್ನ ಕನ್ನಡಾ ಸರಿ ಇಲ್ಲ, ಮರಾಠಿ ಸೇರತದ. ಮಂದಿ ಮುಂದ ಬ್ಯಾಡ ಅಂದ." ಮಾಯವ್ವ ಒಲೆಯ ಮೇಲಿನ ಚಹಾ ಇಳಿಸಿದಳು. "ಲಗ್ನದಾಗೂ ನೋಡಬೇಕು, ನನ್ನ ಎಲ್ಲಿ ನಿಂದ್ರಸ್ತಾನೋ."

ದೂರಿನ ಮಾತಲ್ಲ ಅದು. ದೂರಾಗಿದ್ದರೆ ಪ್ರಮಿಳಾಳಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಆದರೂ ಮನಸ್ಸು ಹಗುರಾಗಿತ್ತು. ಮೆಟ್ಟಲವ್ವ ಇಲ್ಲವೇ ಇಲ್ಲ. ಇಂಥ ಅತ್ತೆ ಸಿಕ್ಕರೆ ಮಗಳ ಪುಣ್ಯ. ಹುಡುಗನದು ಸ್ವಲ್ಪ ಶೋಕಿ. ಈಗಿನ ಹುಡುಗರೆಲ್ಲ ಹಾಗೆಯೇ. ಅವಳು ಚೀಲ ತೆರೆದು ಖಣವನ್ನು ಮೇಲಕ್ಕೆಳೆದಳು. ನೀಲಿಯ ಮೇಲಿನ ಕೆಂಪು ಅಂಚನ್ನು ಮಾಯವ್ವ ಕಂಡಳು. ಅವಳ ಮುಖ ಅರಳಿತು.

"ಅವ್ವಾ! ಅತ್ತಿ! ಎಲ್ಲಾರೂ ಹಾಲ್‌ಗೆ ಬರ್ರಿ," ಎಂದು ಬಾಳೇಶ ಕರೆದ. "ಮನಿಷಾ ಲೈನ್ ಮ್ಯಾಲ ಅದಾಳ."

ಹಾಲಿಗೆ ಬಂದರು. ಬಾಳೇಶ ಫೋನನ್ನು ಎತ್ತಿ ಹಿಡಿದು ಕೋಣೆಯುದ್ದಕ್ಕೂ ತಿರುಗಿಸುತ್ತಿದ್ದ. ಫೋನು ತಮ್ಮ ಕಡೆ ಬರುತ್ತಿದ್ದಂತೆ ಮಾಯವ್ವ, ಯಾರೂ ಹೇಳದೆ, ಮಾತನ್ನು ಅರ್ಧಕ್ಕೆ ನಿಲ್ಲಿಸಿ ಕುಂಟುತ್ತ ಫ್ರಿಜ್ಜಿನ ಮರೆಗೆ ಸರಿದಳು. ಹಾರ್ನ್ ಕೇಳಿ ರಸ್ತೆಯ ಬದಿಗೆ ಸರಿದು ನಿಲ್ಲುತ್ತೇವಲ್ಲ, ಹಾಗೆ. ಫೋನು ದಾಟಿಹೋಯಿತು. ಅವಳು ಮತ್ತೆ ಹೊರಗೆ ಬಂದಳು.

"ಅತ್ತಿ, ನೀವೂ ಮಾತಾಡ್ರಿ," ಎಂದು ಬಾಳೇಶ ಪ್ರಮಿಳಾಳ ಪಕ್ಕ ನಿಂತು ಫೋನು ಹಿಡಿದ.

ಆ ಚೌಕದೊಳಗಿದ್ದದ್ದು ಯಾರ ಮನೆ ಎಂದು ಪ್ರಮಿಳಾಳಿಗೆ ಕೂಡಲೇ ತಿಳಿಯಲಿಲ್ಲ. ತಿಳಿಬಣ್ಣದ ಪರದೆ. ಪರದೆಯ ಮುಂದೆ ಸಣ್ಣ ಮೇಜು, ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. ಕುರ್ಚಿಯಲ್ಲಿ ಕೂದಲು ಬಿಟ್ಟುಕೊಂಡ ಒಬ್ಬ ಹುಡುಗಿ. ಅಂಚಿನಲ್ಲಿ, ಚೌಕದಿಂದ ಹೊರಗೆ ಹೋಗುತ್ತ ಹೋಗುತ್ತ ಉಳಿದದ್ದು, ಒಂದು ಮುದಿ ಕೈ. ಅದು ಬಳ್ಳೊಳ್ಳಿ ಸುಲಿಯುತ್ತಿತ್ತು.

ಆ ಕೈಯಿಂದ ಪ್ರಮಿಳಾ ತನ್ನ ಮನೆಯ ಗುರುತು ಹಿಡಿದಳು.

"ಮನಿಷಾ, ಬಲಕ್ಕ ಏನೋ ಕಾಣಾಕತ್ತೈತಿ ನೋಡು," ಎಂದ ಬಾಳೇಶ. ಎಷ್ಟು ಮೆತ್ತಗೆ ಎಂದ.

ಮನಿಷಾ ಬಲಕ್ಕೆ ತಿರುಗಿ ನೋಡಲೂ ಇಲ್ಲ. ಫೋನನ್ನು ಒಂದಿಷ್ಟು ಎಡಕ್ಕೆ ಸರಿಸಿದಳು. ಕೈ ಹೋಯಿತು.

"ಹಾಂ. ಈಗ ಚಂದ."

ಮನಿಷಾ ಫೋನಿನ ಮೂಲೆಯಲ್ಲಿ ಕಾಣುವ ತನ್ನದೇ ಸಣ್ಣ ಮುಖ ನೋಡಿಕೊಂಡಳು, ಗದ್ದ ಸ್ವಲ್ಪ ಇಳಿಸಿದಳು, ಆಮೇಲೆ ನಕ್ಕಳು. ಬಾಯಿ ಮುಚ್ಚಿದ ಅಳತೆಯ ನಗು. ನಕ್ಕರೆ ಓಣಿಗೆಲ್ಲ ಕೇಳಿಸುತ್ತದೆಂದು ಆಯಿಯಿಂದ ಬೈಸಿಕೊಳ್ಳುವ ಹುಡುಗಿ ಅವಳು.

"ಅವ್ವಾ, ಮನಿ ಹೆಂಗೈತಿ?"

"ಚಂದ ಐತಿ," ಎಂದಳು ಪ್ರಮಿಳಾ. ಫ್ರಿಜ್ಜಿನ ಕಡೆ ನೋಡಿದಳು. ಅಲ್ಲಿ ಸೆರಗಿನ ತುದಿ ಮಾತ್ರ ಕಾಣುತ್ತಿತ್ತು.

ಇಷ್ಟು ವರ್ಷ ಆ ಧಾರಾವಾಹಿಗಳಲ್ಲಿ ಮೆಟ್ಟಿಲ ಮೇಲೆ ನಿಂತವಳನ್ನು ನೋಡಿದ್ದಳು, ಕೆಳಗೆ ನಿಂತು ಅಳುವವಳನ್ನು ನೋಡಿದ್ದಳು. ನಿಲ್ಲಿಸಿದವನು ಯಾರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಈ ಮನೆಯ ವಿಡಿಯೋದಲ್ಲೂ ಕಾಣದೇ ಇದ್ದವನು ಅದನ್ನು ಹಿಡಿದವನೇ.

ಆದರೆ ತಕ್ಷಣ ಇನ್ನೊಂದು ಸಂಶಯ ಹುಟ್ಟಿತು, ಈ ಸಲ ತನ್ನ ಮೇಲೆಯೇ. ತಾಸಿನ ಹಿಂದೆ ತಾನು ಇಷ್ಟೇ ಖಚಿತವಾಗಿ ಮಾಯವ್ವನ ಬಗ್ಗೆ ತಪ್ಪಿದ್ದಳಲ್ಲ? ಮನೆಗೆ ಮಂದಿ ಬಂದರೆ ತಾನೂ ಹರಿದ ಚಾದರ ಒಳಗೆ ಹಾಕುತ್ತಾಳೆ. ಹುಡುಗ ಬೈಯುವವನಲ್ಲ, ಕುಡಿಯುವವನಲ್ಲ. ಏನೆಂದು ಹೇಳುವುದು? ಫೋನು ಹಿಡಿಯುವ ರೀತಿ ಸರಿಯಿಲ್ಲ ಎಂದೇ? ಬಂಡೆಪ್ಪ ಊರಿಗೆಲ್ಲ ಹೇಳಿ ನಗುತ್ತಾನೆ.

ದೇವರ ಕೋಣೆಯಲ್ಲಿ ಮಾಯವ್ವ ಆಗಲೇ ಮಣೆ ಇಟ್ಟಿದ್ದಳು. ಗೋಡೆ ಹಿಡಿದು, ಬಲಗಾಲನ್ನು ಮುಂದೆ ಚಾಚಿ, ಕಷ್ಟಪಟ್ಟು ಮಣೆಯ ಮೇಲೆ ಕೂತಳು. ಸೆರಗನ್ನು ಮಡಿಲಿಗೆ ಹರಡಿಕೊಂಡಳು. ತನಗಾಗಿ ಯಾರೋ ಏನೋ ತಂದಿದ್ದಾರೆಂಬ ಸಂಭ್ರಮ ಆ ಮುಖದಲ್ಲಿ ಬಚ್ಚಿಡಲಾಗದಂತೆ ಇತ್ತು. ಈ ಮಡಿಲಿಗೆ ಇಲ್ಲವೆನ್ನುವುದು ಹೇಗೆ? ಪ್ರಮಿಳಾ ಚೀಲಕ್ಕೆ ಕೈ ಹಾಕಿದಳು.

ಬಾಳೇಶ ಬಾಗಿಲಲ್ಲಿ ನಿಂತಿದ್ದ. ಫೋನು ಕೈಯಲ್ಲೇ ಇತ್ತು.

"ಒಂದ ನಿಮಿಷ ಅತ್ತಿ. ಇಲ್ಲಿ ಬೆಳಕಿಲ್ಲ. ಹಾಲ್‌ದಾಗ ಮಾಡೂಣು, ವಿಡಿಯೋ ಮಾಡಿ ಇಟ್ಟಕೋತೇನಿ." ತಾಯಿಯ ಚಾಚಿದ ಕಾಲನ್ನು ನೋಡಿದ. "ಅವ್ವಾ, ನೀ ಏಳು. ಕಾಲ ಹಂಗ ಬಿಟ್ಟರ ಸರಿ ಕಾಣಂಗಿಲ್ಲ. ಕಾಕುನ ಕರೀತೇನಿ, ಆಕಿ ಕುಂದರ್ಲಿ." ಬಾಜು ಮನೆಯ ಚಿಕ್ಕಮ್ಮ ಅವನ ಕಾಕು. ಪ್ರಮಿಳಾಳ ಕಡೆ ತಿರುಗಿ ನಕ್ಕ. "ಯಾರ ಕುಂತರೇನ್ರಿ, ಮನಿ ಒಂದ ಅಲ್ಲಾ?"

ಬಂಡೆಪ್ಪ ಹಾಲಿನಿಂದ, "ಹೌದ ಹೌದ, ಹೆಂಗರ ಆಗ್ಲಿ," ಎಂದ.

"ಹೌದ್ರಿ ಅಕ್ಕಾ, ಆಕಿ ಚಂದ ಕಾಣತಾಳ," ಎಂದಳು ಮಾಯವ್ವ. ಸೆರಗು ಮಡಚಿಕೊಂಡಳು. ಏಳಲು ಗೋಡೆಯನ್ನು ಹುಡುಕಿದಳು.

ಪ್ರಮಿಳಾ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಎಬ್ಬಿಸುತ್ತಲೇ ಹೇಳಿದಳು, "ನೋಡ್ರಿ, ನನ್ನ ತಲಿಯೊಂದು. ಖಣ ಮನ್ಯಾಗ ಬಿಟ್ಟ ಬಂದೇನಿ."

"ಅವ್ವ ನಿನ್ನೆ ನಿನ್ನ ಚೀಲದಾಗ—" ಎಂದು ಬಂಡೆಪ್ಪ ಬಾಗಿಲಿಗೆ ಬಂದ.

"ಮುಂಜಾನೆ ತಗದ ಹಾಸಿಗಿ ಮ್ಯಾಲ ಇಟ್ಟೆ. ಮಡಿಕಿ ಸರಿ ಮಾಡಾಕ. ಅಲ್ಲೇ ಉಳೀತು."

ಬಾಳೇಶನ ಹುಬ್ಬು ಒಮ್ಮೆ ಕೂಡಿ ಬಿಟ್ಟಿತು. "ಖಾನಾಪುರದಾಗ ಬೇರೆ ತರೂಣ್ರಿ, ಕಾರ ಐತಿ."

"ಇಲ್ಲಪಾ. ನಮ್ಮಲ್ಲಿ ಅದ ಖಣಾ ಬೇಕು. ಇನ್ನೊಮ್ಮೆ ಬರ್ತೇವಿ."

ತೆರೆದ ಚೀಲ ಮಾಯವ್ವನ ಕಾಲ ಬಳಿಯೇ ಇತ್ತು. ಕೆಂಪು ಅಂಚು ಕಾಣುತ್ತಿತ್ತು. ಮಾಯವ್ವ ಅದನ್ನು ನೋಡಿದಳು, ಪ್ರಮಿಳಾಳನ್ನು ನೋಡಿದಳು. ಆ ನೋಟದಲ್ಲಿ ಬೇಸರವಿತ್ತೋ, ಬೇರೆ ಏನಿತ್ತೋ ಪ್ರಮಿಳಾಳಿಗೆ ಓದಲು ಬರಲಿಲ್ಲ. ಮಾಯವ್ವ ಕುಂಟುತ್ತ ಹಿತ್ತಲಿಗೆ ಹೋಗಿ ಕೋಕಂ ಸಿಪ್ಪೆಯ ದೊಡ್ಡ ಗಂಟೊಂದನ್ನು ತಂದು ಚೀಲದೊಳಗೆ, ಖಣದ ಮೇಲೆ ಇಟ್ಟು, ಒತ್ತಿ, ಚೀಲದ ಬಾಯಿ ಮುಚ್ಚಿದಳು.

"ಪೋರಿಗೆ ಕೊಡ್ರಿ," ಎಂದಳು. "ಸಾರಿಗೆ ಹಾಕಲಿ."

ಖಾನಾಪುರದಿಂದ ಹೊರಟ ಬಸ್ಸಿನಲ್ಲಿ ಬಂಡೆಪ್ಪ ಖುಷಿಯಲ್ಲಿದ್ದ. "ಎಂಥಾ ಹುಡುಗ ನೋಡು, ಬಸ್ ಹತ್ತೂತನಕ ನಿಂತಿದ್ದ. ಮುಂದಿನ ಐತವಾರ ಬಂದ ಉಡಿ ತುಂಬಿಬಿಡು. ಮತ್ತ ಮರೀಬ್ಯಾಡ."

"ಹೂಂ," ಎಂದಳು ಪ್ರಮಿಳಾ. ಚೀಲ ತೊಡೆಯ ಮೇಲಿತ್ತು.

ಮನೆ ಮುಟ್ಟಿದಾಗ ಸಂಜೆಯ ಧಾರಾವಾಹಿ ಶುರುವಾಗಿತ್ತು, ದನಿಯಿಲ್ಲದೆ. ಸಾವಂತ್ರವ್ವನ ಮಂಚ ಬಾಗಿಲ ಸಂದಿಗೆ ಸರಿದಿತ್ತು. ಅಲ್ಲಿಂದ ಅವಳಿಗೆ ಟಿವಿಯ ಅರ್ಧವಷ್ಟೇ ಕಾಣುತ್ತಿತ್ತು. ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದಳು.

"ಬಂದೇನವಾ? ಮೆಟ್ಟಲವ್ವ ಹೆಂಗದಾಳ?"

"ಭಾಳ ಚೊಲೋ ಹೆಣ್ಮಗಳ್ರಿ. ನಾವ ತಪ್ಪ ತಿಳದಿದ್ವಿ."

"ನಾವ ಅನಬ್ಯಾಡ, ನೀ ಅನ್ನು." ಮುದುಕಿ ಕಣ್ಣು ಕಿರಿದು ಮಾಡಿದಳು. "ಹಂಗಾರ ಉಡಿ ತುಂಬಿದಿ."

"ಖಣ ಮರತ ಹೋಗಿದ್ದಳವ್ವಾ," ಎಂದ ಬಂಡೆಪ್ಪ, ಚಪ್ಪಲಿ ಬಿಡುತ್ತ.

ಖಣವನ್ನು ತನ್ನ ಕೈಯಾರೆ ಚೀಲದಲ್ಲಿಟ್ಟಿದ್ದ ಸಾವಂತ್ರವ್ವ ಸೊಸೆಯ ಮುಖವನ್ನೊಮ್ಮೆ ನೋಡಿದಳು. "ವಯಸ್ಸಾತು," ಎಂದಳು. ಯಾರಿಗೆ ಎಂದು ಹೇಳಲಿಲ್ಲ. ಮತ್ತೆ ಟಿವಿಯ ಕಡೆ ಕುತ್ತಿಗೆ ಚಾಚಿದಳು.

ಒಳಕೋಣೆಯಿಂದ ಮನಿಷಾಳ ದನಿ ಕೇಳುತ್ತಿತ್ತು; ಫೋನಿನಲ್ಲಿದ್ದಳು. ಪ್ರಮಿಳಾ ಮಂಚದ ಎರಡು ಕಾಲು ಎತ್ತಿ ಅತ್ತೆ ಸಮೇತ ಅದನ್ನು ಮೊದಲಿದ್ದ ಜಾಗಕ್ಕೆ ಎಳೆದಳು. "ಏ, ಬೀಳಸ್ತೀ," ಎಂದು ಮುದುಕಿ ಬುಟ್ಟಿ ಹಿಡಿದುಕೊಂಡಳು. ಆಮೇಲೆ ಪ್ರಮಿಳಾ ಗೋಡೆಯ ಪರದೆಯನ್ನು ಒಂದು ಕಡೆಗೆ ಸರಿಸಿದಳು. ಬಸವಣ್ಣ, ಎಲ್ಲಮ್ಮ, ಮಾವನ ಹಳೇ ಫೋಟೋ, ಎಲ್ಲ ಇದ್ದಲ್ಲೇ ಇದ್ದವು.

ಹೊಲಿಗೆಯ ಪೆಟ್ಟಿಗೆಯ ಮುಂದೆ ಕೂತು ಚೀಲದಿಂದ ಕೋಕಂ ಗಂಟು ತೆಗೆದಳು. ಖಣಕ್ಕೆ ಅದರ ಹುಳಿ ವಾಸನೆ ಹತ್ತಿತ್ತು. ಮೊಣಕಾಲ ಮೇಲೆ ಹರಡಿ ಮಡಿಕೆಗಳನ್ನು ಬೆರಳಿಂದ ತೀಡಿದಳು. ಮನಿಷಾ ಅಳುತ್ತಾಳೆ. ಎಷ್ಟು ದಿನ ಮಾತು ಬಿಡುತ್ತಾಳೋ. ಬಂಡೆಪ್ಪ ಸೀರಿಯಲ್ಲಿನ ಮಾತೆತ್ತುತ್ತಾನೆ. ಈ ಮನೆಯಲ್ಲಿ ಇನ್ನು ಮೆಟ್ಟಿಲ ಮೇಲೆ ನಿಂತವಳು ತಾನೇ. ಎಲ್ಲರೂ ಕೆಳಗಿನಿಂದಲೇ ನೋಡುತ್ತಾರೆ. ನೋಡಲಿ. ಈ ಸಲವೂ ತನ್ನದು ತಪ್ಪೇ ಇರಬಹುದು. ಆದರೆ ಫ್ರಿಜ್ಜಿನ ಮರೆಯಲ್ಲಿ ಉಳಿದ ಆ ಸೆರಗಿನ ತುದಿ ಕಣ್ಣಿಂದ ಹೋಗುತ್ತಿಲ್ಲ. ಅಲ್ಲಿ ಇನ್ನೊಬ್ಬಳಿಗೆ ಜಾಗವಿದೆ.

ಹಗ್ಗದ ಮೇಲೆ ಒಣಗಿದ್ದ ಅತ್ತೆಯ ಹಳೇ ಕುಪ್ಪಸವನ್ನು ಎಳೆದುಕೊಂಡು ಖಣದ ಮೇಲಿಟ್ಟಳು. ಅಳತೆ ಸಾಕಾಗುತ್ತಿತ್ತು, ತೋಳಿಗೆ ಕೆಂಪು ಅಂಚು ಬರುವಂತೆ ಹೊಂದಿಸಬಹುದು. ಕತ್ತರಿ ಬಿದ್ದ ಖಣವನ್ನು ಯಾರೂ ಯಾರ ಉಡಿಗೂ ಹಾಕುವುದಿಲ್ಲ.

"ಏನ ಹೊಲಿಯಾಕತ್ತೀ?" ಎಂದಳು ಸಾವಂತ್ರವ್ವ, ಟಿವಿಯಿಂದ ಕಣ್ಣು ತೆಗೆಯದೆ.

"ಏನಿಲ್ರಿ. ಅರ್ಧ ಉಳದದ್ದು ಒಂದೈತಿ, ಫಾಲ್," ಎಂದು ಪ್ರಮಿಳಾ ಖಣಕ್ಕೆ ಗುರುತು ಹಾಕುವ ಸೀಮೆಸುಣ್ಣಕ್ಕಾಗಿ ಪೆಟ್ಟಿಗೆಯಲ್ಲಿ ಕೈಯಾಡಿಸಿದಳು.